ವ್ಯಾಯಾಮದ ಹೊರೆ ಮತ್ತು ವ್ಯಾಧಿಕ್ಷಮತ್ವ

ವ್ಯಾಯಾಮವು ಆರೋಗ್ಯಕ್ಕೆ ಹಿತಕರವೆಂಬುದನ್ನು ಇಂದು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಹಿತಕರವಾದ ವಸ್ತುವೂ ಪ್ರಮಾಣ ಮೀರಿದಾಗ ಅಹಿತವಾಗುತ್ತದೆ ಎಂಬ ಮಾತು ವ್ಯಾಯಾಮಕ್ಕೂ ಅನ್ವಯಿಸುತ್ತದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಅನೇಕ ತರುಣ ತರುಣಿಯರು ಪೊಲೀಸ್ ಮತ್ತು ಸೇನಾ ನೇಮಕಾತಿಗಾಗಿ, ಕಬಡ್ಡಿ, ಖೋ-ಖೋ, ವಾಲಿಬಾಲ್ ಪಂದ್ಯಗಳಿಗಾಗಿ ಬೆಳಗಿನ ಜಾವದಲ್ಲಿಯೇ ಮೈದಾನಕ್ಕೆ ಇಳಿಯುತ್ತಾರೆ. ಇವರಲ್ಲಿ ಕೆಲವರು ತಿಂಗಳುಗಟ್ಟಲೆ ಶ್ರಮಿಸಿ, ಆಯ್ಕೆಯ ದಿನ ಸಮೀಪಿಸಿದಾಗಲೇ ನೆಗಡಿ, ಗಂಟಲು ನೋವು, ಜ್ವರಗಳಿಗೆ ಗುರಿಯಾಗುವುದನ್ನು ನಾವು ಚಿಕಿತ್ಸಾಲಯದಲ್ಲಿ ಕಾಣುತ್ತಲೇ ಇದ್ದೇವೆ. ಗಟ್ಟಿಮುಟ್ಟಾದ ದೇಹಕ್ಕೆ ಹೀಗೇಕಾಗುತ್ತದೆ? ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಹೆಚ್ಚು ಪರಿಶೀಲನೆಗೆ ಒಳಗಾಗಿರುವ ಕ್ರೀಡಾಪಟುಗಳಾದ ಫುಟ್ಬಾಲ್ ಆಟಗಾರರ ಉದಾಹರಣೆಯಿಂದ ವಿಚಾರಿಸೋಣ.

ಫುಟ್ಬಾಲ್ ಆಟಗಾರನ ಹೊರೆ

ಉನ್ನತ ಮಟ್ಟದ ಫುಟ್ಬಾಲ್ ಆಟಗಾರನು 90 ನಿಮಿಷಗಳ ಒಂದು ಪಂದ್ಯದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆ. ಅದು ಒಂದೇ ವೇಗದ ಓಟವಲ್ಲ; ನಡಿಗೆ, ಓಟ, ಮಿಂಚಿನ ವೇಗ, ಥಟ್ಟನೆ ನಿಲ್ಲುವುದು, ಜಿಗಿಯುವುದು ಎಲ್ಲವೂ ಸೇರಿರುತ್ತವೆ. ಪಂದ್ಯಗಳ ನಡುವಿನ ಅಂತರ ಕಿರಿದಾದಷ್ಟೂ ದೇಹಕ್ಕೆ ಚೇತರಿಸಿಕೊಳ್ಳಲು ಅವಕಾಶ ಕಡಿಮೆ. ನಮ್ಮ ನಾಡಿನದೇ ನಿದರ್ಶನವನ್ನು ನೋಡಬಹುದು. 54 ವರ್ಷಗಳ ನಂತರ ಕರ್ನಾಟಕವು ಸಂತೋಷ್ ಟ್ರೋಫಿಯನ್ನು ಗೆದ್ದ 2023ರಲ್ಲಿ, ನಮ್ಮ ತಂಡವು ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಗುಂಪಿನ ಪಂದ್ಯಗಳನ್ನು ಆಡಿ, ಸೌದಿ ಅರೇಬಿಯದ ರಿಯಾದ್‌ಗೆ ಪ್ರಯಾಣಿಸಿ, ಮಾರ್ಚ್ 1ರಂದು ಸೆಮಿಫೈನಲ್ ಆಡಿತು. ಮಾರ್ಚ್ 4ರಂದು ಫೈನಲ್‌ನಲ್ಲಿ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿತು. ಇಂತಹ ದಿನಗಳಲ್ಲಿ ಆಟದ ಶ್ರಮದೊಂದಿಗೆ ಪ್ರಯಾಣ, ನಿದ್ರಾಭಂಗ, ಹೊಸ ಊರಿನ ಹವೆ, ಗೆಲುವು ಸೋಲಿನ ಚಿಂತೆ ಇವೆಲ್ಲವೂ ಕೂಡಿಕೊಳ್ಳುತ್ತವೆ. ಆದುದರಿಂದಲೇ ವೃತ್ತಿಪರ ತಂಡಗಳ ವೈದ್ಯರು ಆಟಗಾರನ ಸ್ನಾಯುಗಳನ್ನಷ್ಟೇ ಅಲ್ಲದೆ ಅವನ ನಿದ್ರೆ, ತೂಕ, ಆಯಾಸ, ಮನಃಸ್ಥಿತಿಗಳನ್ನೂ ಗಮನಿಸುತ್ತಾರೆ.

ದೇಹದೊಳಗೆ ನಡೆಯುವುದೇನು?

ಮಿತವಾದ ವ್ಯಾಯಾಮದಿಂದ ರೋಗನಿರೋಧಕ ಕಣಗಳು ರಕ್ತದಲ್ಲಿ ಚುರುಕಾಗಿ ಸಂಚರಿಸುತ್ತವೆ. ನಿಯಮಿತವಾಗಿ ನಡೆಯುವವರಿಗೆ ನೆಗಡಿಯ ಬಾಧೆ ಕಡಿಮೆ. ಆದರೆ ದೀರ್ಘಕಾಲದ ಕಠಿಣ ಶ್ರಮದ ನಂತರ ಕಾರ್ಟಿಸಾಲ್, ಅಡ್ರಿನಲಿನ್‌ಗಳಂತಹ ಒತ್ತಡದ ರಸಗಳು ಏರುತ್ತವೆ. ರಕ್ತದಲ್ಲಿನ ಕೆಲವು ಬಗೆಯ ಬಿಳಿ ರಕ್ತಕಣಗಳ ಸಂಖ್ಯೆ ಕೆಲವು ಗಂಟೆಗಳ ಕಾಲ ಇಳಿಯುತ್ತದೆ. ಬಾಯಿ, ಮೂಗು, ಗಂಟಲುಗಳ ಒಳಪೊರೆಯನ್ನು ಕಾಯುವ ಐಜಿಎ ಎಂಬ ಪ್ರತಿಕಾಯವು ಲಾಲಾರಸದಲ್ಲಿರುತ್ತದೆ. ವಾರಗಟ್ಟಲೆ ವಿಶ್ರಾಂತಿಯಿಲ್ಲದೆ ದಂಡಿಸಿಕೊಂಡ ಕ್ರೀಡಾಪಟುಗಳಲ್ಲಿ ಇದರ ಪ್ರಮಾಣ ಕುಗ್ಗುವುದನ್ನು ಸಂಶೋಧಕರು ಗುರುತಿಸಿದ್ದಾರೆ.

1987ರ ಲಾಸ್ ಏಂಜಲಿಸ್ ಮ್ಯಾರಥಾನ್‌ಗೆ ಸಿದ್ಧರಾಗಿದ್ದ ಸುಮಾರು 2,300 ಓಟಗಾರರನ್ನು ಡೇವಿಡ್ ನೀಮನ್ ಮತ್ತು ಸಂಗಡಿಗರು ವಿಚಾರಿಸಿದರು. ಓಡಿದವರಲ್ಲಿ ಶೇಕಡಾ 12.9ರಷ್ಟು ಮಂದಿ ಮುಂದಿನ ವಾರದಲ್ಲಿ ಸೋಂಕಿನ ಲಕ್ಷಣಗಳನ್ನು ಹೇಳಿದರೆ, ಸಿದ್ಧರಾಗಿಯೂ ಓಡದಿದ್ದವರಲ್ಲಿ ಅಂಥವರು ಶೇಕಡಾ 2.2ರಷ್ಟು ಮಾತ್ರ. ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಉಂಟು. 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ವ್ಯಾಯಾಮದ ನಂತರ ರಕ್ತದಲ್ಲಿ ಕಡಿಮೆಯಾಗುವ ಕಣಗಳು ನಾಶವಾಗುವುದಿಲ್ಲ, ಶ್ವಾಸಕೋಶ ಮುಂತಾದ ಕಡೆ ಕಾವಲಿಗೆ ತೆರಳುತ್ತವೆ ಎಂದು ವಾದಿಸಿದರು. ಗಂಟಲು ಕೆರೆತವೆಲ್ಲ ಸೋಂಕೇ ಆಗಿರಬೇಕಿಲ್ಲ. ಧೂಳು ಮತ್ತು ಒಣಗಾಳಿಯಿಂದಲೂ ಅದು ಬರಬಹುದು. ಅವರ ಪ್ರಕಾರ ಕಾಯಿಲೆಗೆ ಒಂದು ದಿನದ ಓಟಕ್ಕಿಂತ ನಿದ್ರೆಗೇಡು, ಚಿಂತೆ, ಅಪೋಷಣೆ, ಜನಸಂದಣಿಗಳೇ ಹೆಚ್ಚು ಕಾರಣ.

ಈ ಎರಡೂ ಪಕ್ಷಗಳನ್ನು ತೂಗಿ ನೋಡಿದಾಗ ನಮಗೆ ದೊರೆಯುವ ಸಾರ ಒಂದೇ. ದೇಹವನ್ನು ಕೆಡಿಸುವುದು ವ್ಯಾಯಾಮವಲ್ಲ. ಹಠಾತ್ತನೆ ಏರಿದ ಹೊರೆ, ಅದರೊಡನೆ ಕೊರತೆಯಾದ ಅನ್ನ, ನಿದ್ರೆ ಮತ್ತು ನೆಮ್ಮದಿ.

ಆಯುರ್ವೇದದ ದೃಷ್ಟಿ

ನಮ್ಮ ಪ್ರಾಚೀನ ಆಚಾರ್ಯರು ಈ ಮಾತನ್ನು ಬಹು ಸ್ಪಷ್ಟವಾಗಿ ಹೇಳಿದ್ದಾರೆ. ಚರಕಸಂಹಿತೆಯು ವ್ಯಾಯಾಮದಿಂದ ಲಾಘವ, ಕಾರ್ಯಸಾಮರ್ಥ್ಯ, ಸ್ಥೈರ್ಯ, ಅಗ್ನಿವೃದ್ಧಿಗಳು ಆಗುವುವೆಂದು ಹೊಗಳಿ, ಅತಿವ್ಯಾಯಾಮದಿಂದ ಬರುವ ತೊಂದರೆಗಳನ್ನೂ ಎಣಿಸುತ್ತದೆ. ಶ್ರಮ, ಬಳಲಿಕೆ, ಧಾತುಕ್ಷಯ, ಬಾಯಾರಿಕೆ, ರಕ್ತಪಿತ್ತ, ಉಬ್ಬಸ ಇವುಗಳ ಜೊತೆಗೆ ಕೆಮ್ಮು ಮತ್ತು ಜ್ವರವೂ ಆ ಪಟ್ಟಿಯಲ್ಲಿವೆ. ಮಿತಿಮೀರಿ ವ್ಯಾಯಾಮ ಮಾಡುವವನನ್ನು ಆನೆಯನ್ನು ಎಳೆಯಹೋಗಿ ಕೆಟ್ಟ ಸಿಂಹಕ್ಕೆ ಶಾಸ್ತ್ರವು ಹೋಲಿಸುತ್ತದೆ. ಸಿಂಹವು ಬಲಹೀನವಲ್ಲ, ಅದಕ್ಕೆ ತನ್ನ ಅಳವು ತಿಳಿಯದೆ ಹೋಯಿತು.

ರೋಗವನ್ನು ತಡೆಯುವ ಶಕ್ತಿಗೆ ವ್ಯಾಧಿಕ್ಷಮತ್ವವೆಂದು ಹೆಸರು. ಅದರ ಆಧಾರ ಓಜಸ್ಸು. ಓಜಸ್ಸು ಕ್ಷಯಿಸುವ ಕಾರಣಗಳನ್ನು ಹೇಳುವಾಗ ಚರಕರು ವ್ಯಾಯಾಮದ ಅತಿಯನ್ನೇ ಮೊದಲು ಎಣಿಸಿ, ಬಳಿಕ ಉಪವಾಸ, ಚಿಂತೆ, ಒಣ ಮತ್ತು ಅಲ್ಪ ಆಹಾರ, ಗಾಳಿ ಬಿಸಿಲು, ಭಯ, ಶೋಕ, ಜಾಗರಣೆಗಳನ್ನು ಹೇಳುತ್ತಾರೆ. ಇಂದಿನ ಕ್ರೀಡಾವೈದ್ಯರು ಆಟಗಾರನಲ್ಲಿ ಗಮನಿಸುವ ಅಂಶಗಳೂ ಬಹುಮಟ್ಟಿಗೆ ಇವೇ ಆಗಿವೆ.

ಹಾಗಾದರೆ ಮಿತಿ ಯಾವುದು? ವಾಗ್ಭಟರು ಬಲವಂತರು ಮತ್ತು ಸ್ನಿಗ್ಧಾಹಾರ ಸೇವಿಸುವವರು ಹೇಮಂತ, ಶಿಶಿರ, ವಸಂತ ಋತುಗಳಲ್ಲಿ ತಮ್ಮ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎಂದಿದ್ದಾರೆ. ಹಣೆ, ಮೂಗು, ಕಂಕುಳಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಯಿಂದ ಉಸಿರಾಡಬೇಕಾದ ಸ್ಥಿತಿಯನ್ನು ಅರ್ಧಶಕ್ತಿಯ ಲಕ್ಷಣವೆಂದು ಪರಂಪರೆಯು ತಿಳಿಸುತ್ತದೆ. ಸ್ಪರ್ಧೆಗೆ ಸಿದ್ಧನಾಗುವವನು ಕೆಲವು ದಿನ ಈ ಗಡಿಯನ್ನು ದಾಟಲೇಬೇಕಾಗುತ್ತದೆ. ಆದರೆ ಪ್ರತಿದಿನವೂ ದಾಟಬಾರದು, ದಾಟಿದ ಮರುದಿನ ದೇಹಕ್ಕೆ ಬಿಡುವು ಕೊಡಬೇಕು.

ನಮ್ಮ ತಾಲ್ಲೂಕುಗಳ ಸ್ಥಿತಿ

ಫುಟ್ಬಾಲ್ ಆಟಗಾರನಿಗೆ ಆಟವೇ ಕಾಯಕ. ನಮ್ಮ ತರುಣನಿಗೆ ಹಾಗಲ್ಲ. ಚಳ್ಳಕೆರೆಯ ಕಡೆ ಬೆಳಿಗ್ಗೆ ಓಡಿದವನು ಹಗಲೆಲ್ಲ ಶೇಂಗಾ ಹೊಲದಲ್ಲಿ ದುಡಿಯುತ್ತಾನೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗದ ಮುಂದೆ ತಾಸುಗಟ್ಟಲೆ ಕೂರುತ್ತಾನೆ. ರಾತ್ರಿ ಪರೀಕ್ಷೆಗಾಗಿ ಓದುತ್ತಾನೆ. ಮೈದಾನದ ಶ್ರಮವನ್ನು ಮಾತ್ರ ಲೆಕ್ಕ ಹಿಡಿದರೆ ಅವನ ನಿಜವಾದ ಹೊರೆ ತಿಳಿಯುವುದಿಲ್ಲ. ಹೊಲದ ಹೊರೆ, ಮಗ್ಗದ ಹೊರೆ, ಓದಿನ ಹೊರೆ ಎಲ್ಲವನ್ನೂ ಹೊರುವುದು ಒಂದೇ ದೇಹ.

ಇದಲ್ಲದೆ ನಮ್ಮದು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಒಣಗಾಳಿ ಮತ್ತು ಧೂಳು ಮೂಗು ಗಂಟಲುಗಳನ್ನು ಒಣಗಿಸುತ್ತವೆ. ನೀರು ಕಡಿಮೆಯಾದಾಗ ಲಾಲಾರಸವೂ ಕಡಿಮೆಯಾಗಿ, ಗಂಟಲಿನ ಕಾವಲು ಸಡಿಲಗೊಳ್ಳುತ್ತದೆ. ಗ್ರೀಷ್ಮದಲ್ಲಿ ವ್ಯಾಯಾಮವನ್ನು ವರ್ಜಿಸಬೇಕೆಂಬ ಋತುಚರ್ಯೆಯ ಮಾತು ಇಂತಹ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ.

ಹೊರೆಯನ್ನು ಅಳೆಯುವ ಸುಲಭ ಕ್ರಮ

ಅಮೆರಿಕದ ಕಾರ್ಲ್ ಫಾಸ್ಟರ್ ಎಂಬ ವಿಜ್ಞಾನಿ ರೂಪಿಸಿದ ಕ್ರಮವೊಂದನ್ನು ಫುಟ್ಬಾಲ್ ತಂಡಗಳು ಬಳಸುತ್ತವೆ. ಅದಕ್ಕೆ ಯಂತ್ರ ಬೇಕಿಲ್ಲ. ಅಭ್ಯಾಸ ಮುಗಿದ ಅರ್ಧ ತಾಸಿನ ನಂತರ, ಅದು ಎಷ್ಟು ಕಠಿಣವಾಗಿತ್ತೆಂದು 0ಯಿಂದ 10ರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಬೇಕು. 30 ನಿಮಿಷದ ಸಾಧಾರಣ ಓಟಕ್ಕೆ 5 ಅಂಕವಾದರೆ ಆ ದಿನದ ಹೊರೆ 150. ವಾರಕ್ಕೆ ನಾಲ್ಕು ದಿನವಾದರೆ 600.

ನಾಗರಿಕ ಪೊಲೀಸ್ ಪೇದೆ ಹುದ್ದೆಗೆ ಪುರುಷ ಅಭ್ಯರ್ಥಿಯು 1,600 ಮೀಟರನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಓಡಬೇಕು. ಅಧಿಸೂಚನೆ ಬಂದೊಡನೆ ಗಾಬರಿಗೊಂಡ ತರುಣನು ವಾರಕ್ಕೆ ಆರು ದಿನ, 90 ನಿಮಿಷ, 8 ಅಂಕದ ಕಠಿಣತೆಯಲ್ಲಿ ದಂಡಿಸಿಕೊಂಡನೆನ್ನೋಣ. ಅವನ ವಾರದ ಹೊರೆ 4,320. ಅಂದರೆ ಮೊದಲಿನ ಏಳು ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ನೆಗೆತವನ್ನು ಸ್ನಾಯುವೂ ತಾಳಲಾರದು, ಓಜಸ್ಸೂ ತಾಳಲಾರದು. ವಾರದಿಂದ ವಾರಕ್ಕೆ ಹತ್ತನೆಯ ಒಂದು ಭಾಗದಷ್ಟು ಏರಿಸುತ್ತ ಹೋಗುವುದು ರೂಢಿಯ ಸುರಕ್ಷಿತ ಮಾರ್ಗ. ಅಭ್ಯಾಸಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡುವ ಮತ್ತು ಹಿಡಿಯುವ ಚರಕರ ಪಾದಾಂಶಿಕ ಕ್ರಮದ ಆಶಯವೂ ಇದೇ. ಆದ್ದರಿಂದ ಸಿದ್ಧತೆಯು ಅಧಿಸೂಚನೆಗೆ ತಿಂಗಳುಗಳ ಮೊದಲೇ ಆರಂಭವಾಗಬೇಕು.

ಪಾಲಿಸಬೇಕಾದ ನಿಯಮಗಳು

ಮೊದಲನೆಯದು ವಿಶ್ರಾಂತಿ. ಒಂದು ದಿನ ಕಠಿಣ ಅಭ್ಯಾಸವಾದರೆ ಮರುದಿನ ಹಗುರವಾಗಿರಲಿ. ವಾರಕ್ಕೊಂದು ದಿನ ಪೂರ್ಣ ಬಿಡುವಿರಲಿ. ಹೊಲದಲ್ಲಿ ಕಳೆ, ಕೊಯ್ಲಿನ ಕೆಲಸವಿರುವ ದಿನ ಓಟವನ್ನು ಅರ್ಧಕ್ಕೆ ಇಳಿಸಬೇಕು. ಆಯ್ಕೆಯ ಹಿಂದಿನ ವಾರ ಹೊರೆಯನ್ನು ತಗ್ಗಿಸಬೇಕೇ ಹೊರತು ಏರಿಸಬಾರದು.

ಎರಡನೆಯದು ನಿದ್ರೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಾಣುವನ್ನು ಹಾಕಿ ಪರೀಕ್ಷಿಸಲಾಯಿತು. 7 ತಾಸಿಗಿಂತ ಹೆಚ್ಚು ಮಲಗುತ್ತಿದ್ದವರಿಗೆ ಹೋಲಿಸಿದರೆ 6 ತಾಸಿಗಿಂತ ಕಡಿಮೆ ಮಲಗುತ್ತಿದ್ದವರು ನೆಗಡಿಗೆ ಬೀಳುವ ಸಂಭವ ನಾಲ್ಕು ಪಟ್ಟಿಗೂ ಮಿಗಿಲಾಗಿತ್ತು. ಬೆಳಗಿನ 5 ಗಂಟೆಗೆ ಮೈದಾನ ಸೇರುವವನು ರಾತ್ರಿ 9 ಗಂಟೆಗೆ ಮೊಬೈಲ್ ದೂರವಿರಿಸಿ ಮಲಗಲೇಬೇಕು.

ಮೂರನೆಯದು ಆಹಾರ. ದುಬಾರಿ ಪುಡಿಗಳ ಅಗತ್ಯ ನಮಗಿಲ್ಲ. ನಮ್ಮ ನೆಲದ ಶೇಂಗಾದಲ್ಲಿ 100 ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಶೇಂಗಾ ಬೆಲ್ಲ, ರಾಗಿ ಮುದ್ದೆ, ಹುರುಳಿ ಮತ್ತು ತೊಗರಿಯ ಸಾರು, ಮೊಳಕೆ ಕಾಳು, ಹಾಲು, ಮೊಸರು, ಸೊಪ್ಪುಗಳು ಸಸ್ಯಾಹಾರಿ ಕ್ರೀಡಾಪಟುವಿಗೆ ಉತ್ತಮ ಆಧಾರ. ತಾಸಿಗೂ ಮೀರಿದ ಅಭ್ಯಾಸವನ್ನು ಬರಿಹೊಟ್ಟೆಯಲ್ಲಿ ಮಾಡಬಾರದು. ಬಾಳೆಹಣ್ಣು ಅಥವಾ ಬೆಲ್ಲದ ಪಾನಕ ಸೇವಿಸಿದರೆ ಒತ್ತಡದ ರಸಗಳ ಏರಿಕೆ ಕಡಿಮೆಯಾಗುತ್ತದೆ. ಶಿವರಾತ್ರಿಯ ಉಪವಾಸ ಜಾಗರಣೆಗಳನ್ನು ಆಚರಿಸುವವರು ಅಂದು ಮತ್ತು ಮರುದಿನ ಕಠಿಣ ಅಭ್ಯಾಸವನ್ನು ಕೈಬಿಡಲಿ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದುದರಿಂದ ತರಬೇತಿಗೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಅವಶ್ಯ.

ನಾಲ್ಕನೆಯದು ಶುಚಿ ಮತ್ತು ಆರೈಕೆ. ಒಂದೇ ನೀರಿನ ಬಾಟಲಿಯನ್ನು, ಒಂದೇ ಟವೆಲನ್ನು ಹಲವರು ಬಳಸುವುದು ಸೋಂಕನ್ನು ಹಂಚಿಕೊಂಡಂತೆ. ಬೆವರಿನ ಬಟ್ಟೆಯನ್ನು ಬೇಗ ಬದಲಿಸಬೇಕು. ವಾರಕ್ಕೆರಡು ಬಾರಿ ಎಳ್ಳೆಣ್ಣೆಯ ಅಭ್ಯಂಗವು ವಾತವನ್ನು ಶಮನಗೊಳಿಸಿ ನಿದ್ರೆಯನ್ನು ತರುತ್ತದೆ. ಹೊರೆ, ಅನ್ನ, ನಿದ್ರೆಗಳನ್ನು ಸರಿಪಡಿಸಿಕೊಳ್ಳದೆ ಲೇಹ್ಯ, ಕಷಾಯಗಳನ್ನು ಮಾತ್ರ ಸೇವಿಸಿದರೆ, ತೂತಿನ ಕೊಡಕ್ಕೆ ನೀರು ತುಂಬಿದಂತಾಗುತ್ತದೆ.

ಜ್ವರವಿದ್ದಾಗ ಓಡಬಾರದು

ಇದು ಈ ಲೇಖನದ ಅತಿಮುಖ್ಯ ಸೂಚನೆ. ಬರಿಯ ನೆಗಡಿಯಿದ್ದು ಉಳಿದಂತೆ ಹಾಯೆನಿಸಿದರೆ ಹಗುರವಾಗಿ ನಡೆಯಬಹುದು. ಆದರೆ ಜ್ವರ, ಮೈಕೈ ನೋವು, ಎದೆಯ ಕೆಮ್ಮು, ಭೇದಿಗಳಿದ್ದಾಗ ಅಭ್ಯಾಸವನ್ನು ಪೂರ್ಣವಾಗಿ ನಿಲ್ಲಿಸಬೇಕು. ಕೆಲವು ವೈರಾಣುಗಳು ಹೃದಯದ ಸ್ನಾಯುವಿನಲ್ಲಿ ಉರಿಯೂತವನ್ನು ಉಂಟುಮಾಡಬಲ್ಲವು. ಆಗ ಶ್ರಮಿಸಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಜ್ವರದ ಮಾತ್ರೆ ನುಂಗಿ ಓಟಕ್ಕೆ ನಿಲ್ಲುವುದು ರೋಗವನ್ನು ಗೆದ್ದಂತಲ್ಲ, ಅದರ ಎಚ್ಚರಿಕೆಯನ್ನು ಅಡಗಿಸಿದಂತೆ.

ಬೆಳಿಗ್ಗೆ ಎದ್ದೊಡನೆ ನಾಡಿಯನ್ನು ಎಣಿಸುವ ಅಭ್ಯಾಸವಿರಲಿ. ರೂಢಿಗಿಂತ ನಿಮಿಷಕ್ಕೆ 10ರಷ್ಟು ಹೆಚ್ಚಾಗಿ ಎರಡು ಮೂರು ದಿನ ಮುಂದುವರಿದರೆ ವಿಶ್ರಾಂತಿ ಪಡೆಯಬೇಕು. ಎದೆನೋವು, ಎದೆಬಡಿತ, ಓಡುವಾಗ ತಲೆಸುತ್ತಿ ಬೀಳುವುದು, ಅತಿಶ್ರಮದ ನಂತರ ಮೂತ್ರವು ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುವುದು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು.

ಒಂದು ನೇಮಕಾತಿ ತಪ್ಪಿದರೆ ವಯೋಮಿತಿ ಮೀರೀತೆಂಬ ಆತಂಕ ಬಡ ಮನೆಗಳಲ್ಲಿ ಎಷ್ಟಿದೆಯೆಂಬುದನ್ನು ನಾವು ಬಲ್ಲೆವು. ಆ ಆತಂಕವೇ ಮಕ್ಕಳನ್ನು ಮಿತಿಮೀರಿ ಓಡಿಸುತ್ತದೆ. ಆದುದರಿಂದ ತಂದೆತಾಯಿಗಳು ಮತ್ತು ತರಬೇತುದಾರರು ಮಕ್ಕಳನ್ನು ಇಂದು ಎಷ್ಟು ಸುತ್ತು ಓಡಿದೆ ಎಂದು ಮಾತ್ರ ಕೇಳದೆ, ಎಷ್ಟು ತಾಸು ಮಲಗಿದೆ, ಏನು ಉಂಡೆ, ಮೈ ಹೇಗಿದೆ ಎಂದೂ ಕೇಳಬೇಕು. ಅಭ್ಯಾಸವು ದೇಹಕ್ಕೆ ಕೆಲಸವನ್ನು ಹೇಳುತ್ತದೆ. ಬಲವು ಕೂಡುವುದು ಅನ್ನ, ನಿದ್ರೆ, ವಿಶ್ರಾಂತಿಗಳಲ್ಲಿ. ಇದನ್ನು ಅರಿತು ಮೆಟ್ಟಿಲು ಮೆಟ್ಟಿಲಾಗಿ ಏರಿದವರು ಆಯ್ಕೆಯ ದಿನ ಆರೋಗ್ಯವಂತರಾಗಿ ಮೈದಾನದಲ್ಲಿ ನಿಲ್ಲಬಲ್ಲರು.