ಹಿತ್ತಲ ಗಿಡದ ಹೆಸರೇನು?

ಹಕ್ಕಿ ಉದುರಿಸಿದ ಬೀಜವೋ, ನರ್ಸರಿಯ ಮಣ್ಣಿನ ಜೊತೆ ಬಂದದ್ದೋ, ಗುರುತಿಲ್ಲದ ಗಿಡವೊಂದು ಹಿತ್ತಲಲ್ಲಿ ಹೂ ಬಿಟ್ಟಿದೆ. ಕಿತ್ತೆಸೆಯುವ ಮೊದಲು, ದೇವರಿಗೆ ಏರಿಸುವ ಮೊದಲು, ಇಷ್ಟು ಮಾಡಿ.

1. ಬಣ್ಣವನ್ನು ನಂಬಬೇಡಿ. ದಾಸವಾಳ ಕೆಂಪಗೂ ಇರುತ್ತದೆ, ಬೆಳ್ಳಗೂ ಇರುತ್ತದೆ. ಎಸಳು ಎಣಿಸಿ, ಕೇಸರ ನೋಡಿ. ಐದು ಎಸಳಿದ್ದು, ಕೇಸರಗಳೆಲ್ಲ ನಡುವಿನ ಒಂದೇ ಕಂಬಕ್ಕೆ ಕೂಡಿಕೊಂಡಿದ್ದರೆ ದಾಸವಾಳದ ಬಳಗ. ಬೆಂಡೆ, ಹತ್ತಿಯೂ ಅದೇ ಮನೆತನ.

2. ಅದು ಹೂವೇ ಹೌದೇ? ಬೋಗನ್‌ವಿಲ್ಲಾದ ಬಣ್ಣವೆಲ್ಲ ಎಲೆಯ ವೇಷ. ನಿಜವಾದ ಹೂ ಒಳಗಿನ ಪುಟ್ಟ ಬಿಳಿಯದು. ಸೇವಂತಿಗೆ ಒಂದು ಹೂವಲ್ಲ, ಕಿರುಹೂಗಳ ಗುಂಪು.

3. ದಂಟನ್ನು ಬೆರಳುಗಳ ನಡುವೆ ಉರುಳಿಸಿ. ಚೌಕವಾಗಿದ್ದು, ಎಲೆಗಳು ಎದುರುಬದುರಾಗಿದ್ದು, ಉಜ್ಜಿದರೆ ಘಮ್ಮೆಂದರೆ ತುಳಸಿ, ಕಾಮಕಸ್ತೂರಿಗಳ ಕಡೆಯದಿರಬಹುದು.

4. ಎಲೆ ಮುರಿದರೆ ಹಾಲು ಬಂತೇ? ನಂದಿಬಟ್ಟಲಿನ ಕುಲವೋ, ಕಳ್ಳಿಯ ಕುಲವೋ ವಿಚಾರಿಸಿ. ಕಣ್ಣು ಮುಟ್ಟಿಕೊಳ್ಳದೆ ಮೊದಲು ಕೈ ತೊಳೆಯಿರಿ. ರುಚಿ ನೋಡುವ ಸಾಹಸವಂತೂ ಬೇಡ. ಕಣಗಿಲೆ, ಉಮ್ಮತ್ತಿ ಎರಡೂ ವಿಷ. ಎರಡೂ ಪೂಜೆಗೆ ಸಲ್ಲುತ್ತವೆ ಎಂಬುದು ಬೇರೆ ಮಾತು.

5. ಅರಳುವ ಹೊತ್ತು ಬರೆದಿಡಿ. ಸಂಜೆಮಲ್ಲಿಗೆ ಬಿಸಿಲು ಇಳಿದ ಮೇಲೆ ಕಣ್ಣು ಬಿಡುತ್ತದೆ. ಪಾರಿಜಾತ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲದ ಮೇಲಿರುತ್ತದೆ. ನೆರೆಹೊರೆಯವರನ್ನೆಲ್ಲ ನಡುರಾತ್ರಿ ಕರೆಸಿ, ಆರತಿ ಎತ್ತಿಸಿಕೊಳ್ಳುವ ನಮ್ಮ ಮನೆಗಳ 'ಬ್ರಹ್ಮಕಮಲ'ವನ್ನೂ ಒಮ್ಮೆ ತಪಾಸಣೆ ಮಾಡಿ. ಎಲೆಯಂತೆ ಕಾಣುವುದು ಅದರ ಚಪ್ಪಟೆ ಕಾಂಡ. ಮೊಗ್ಗು ಹೊರಡುವುದು ಅದರ ಅಂಚಿನಿಂದಲೇ. ಮೆಕ್ಸಿಕೊ ಕಡೆಯಿಂದ ಬಂದ ಈ ಗಿಡ ಪಾಪಾಸುಕಳ್ಳಿಯ ಕುಲದ್ದು. ಹಿಮಾಲಯದ ಬ್ರಹ್ಮಕಮಲ ಬೇರೆಯೇ, ಅದು ಸೇವಂತಿಗೆಯ ಕುಲ. ಹೆಸರು ಗೊತ್ತಿದೆ ಎಂದುಕೊಂಡ ಗಿಡಗಳೇ ಹೆಚ್ಚು ಯಾಮಾರಿಸುತ್ತವೆ.

6. ಬರೀ ಹೂವಿನ ಫೋಟೊ ಸಾಲದು. ಎಲೆಯ ಮುಂದು, ಬೆನ್ನು, ಇಡೀ ಗಿಡ, ಕಾಯಿ ಎಲ್ಲವನ್ನೂ ತೆಗೆಯಿರಿ. ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್ ಕೊಡುವುದು ಸುಳಿವು, ತೀರ್ಪಲ್ಲ. ಸಿಕ್ಕ ವೈಜ್ಞಾನಿಕ ಹೆಸರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಅಂತರ್ಜಾಲದಲ್ಲಿ ಇಟ್ಟಿರುವ ಸಸ್ಯಚಿತ್ರಗಳೊಂದಿಗೆ ತಾಳೆ ನೋಡಿ.

7. ಇನ್ನೂ ಅನುಮಾನವೇ? ಕಾಯಿ ಕಟ್ಟುವ ತನಕ ತಾಳಿ. ಶಂಖಪುಷ್ಪದ ಬಳ್ಳಿಯಲ್ಲಿ ಚಪ್ಪಟೆ ಕೋಡು ಮೂಡಿದ ಕೂಡಲೇ ಅದು ಅವರೆ, ಬಟಾಣಿಗಳ ಸಂಬಂಧಿ ಎಂದು ತಿಳಿಯುತ್ತದೆ.

8. ಒಂದಕ್ಕೆ ಮಾತ್ರ ಕಾಯಬೇಡಿ. ಸೀಳುಸೀಳು ಎಲೆ, ಸಣ್ಣ ಬಿಳಿ ಹೂಗೊಂಚಲು ಇದ್ದರೆ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಮೈಗೆ ತಾಗಿದರೆ ತುರಿಕೆ. ಕೈಗವಸು ಹಾಕಿಕೊಂಡು, ಹೂ ಬಲಿಯುವ ಮುಂಚೆಯೇ ಬೇರುಸಹಿತ ಕೀಳಿ.