ಗಾಳಿ ಬಿಡದ ರಬ್ಬರ್: ಕ್ಯಾಟಯಾನಿಕ್ ಪಾಲಿಮರೀಕರಣ

ಸಂಡೂರಿನ ಅದಿರು ಲಾರಿ ಹೊಸಪೇಟೆಯ ಪಂಕ್ಚರ್ ಅಂಗಡಿಗೆ ಬಂದರೆ, ಟೈರಿನೊಳಗಿಂದ ಹೊರಬೀಳುವ ಕಪ್ಪು ಟ್ಯೂಬು ಸಾಮಾನ್ಯವಾಗಿ ಬ್ಯುಟೈಲ್ ರಬ್ಬರಿನದು. 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್‌ನ ವಿಲಿಯಂ ಸ್ಪಾರ್ಕ್ಸ್, ರಾಬರ್ಟ್ ಥಾಮಸ್ ರೂಪಿಸಿದ್ದು. ಐಸೊಬ್ಯುಟಿಲೀನ್‌ಗೆ ತುಸು ಐಸೊಪ್ರೀನ್ ಬೆರೆಸಿ, ಸುಮಾರು -100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಸೇರಿಸುತ್ತಾರೆ.

ಅಲ್ಯೂಮಿನಿಯಂ ಕ್ಲೋರೈಡ್ ಲೂಯಿಸ್ ಆಮ್ಲ: ಎಲೆಕ್ಟ್ರಾನ್ ಜೋಡಿಯ ದಾನಿಯಲ್ಲ, ಗ್ರಾಹಿ.

ಈ ಆಮ್ಲ ಕ್ರಿಯೆಗೆ ಚಾಲನೆ ಕೊಟ್ಟಾಗ ಬೆಳೆಯುವ ಪಾಲಿಮರ್ ಸರಪಳಿಯ ತುದಿಯಲ್ಲಿರುವ ಕಾರ್ಬೊಕ್ಯಾಟಯಾನ್, ಅಂದರೆ ಧನಾವೇಶದ ಇಂಗಾಲ, ಬಲು ಚಂಚಲ. ಅಷ್ಟು ಚಳಿ ಬೇಕಾಗುವುದು ಅದಕ್ಕೇ. 1984ರಲ್ಲಿ ಜಪಾನಿನ ಹಿಗಾಶಿಮುರಾ, ಸಾವಾಮೊಟೊ ವಿನೈಲ್ ಈಥರ್‌ಗಳಲ್ಲಿ ಅದನ್ನು ಪಳಗಿಸಿದರು. ಹೈಡ್ರೋಜನ್ ಅಯೋಡೈಡ್ ಜೊತೆ ಅಯೋಡಿನ್ ಬಳಸಿದಾಗ ಬಹುಪಾಲು ಸರಪಳಿಗಳು ಸುಪ್ತವಾಗಿದ್ದು, ಸರದಿಯಂತೆ ಎಚ್ಚರಗೊಂಡು, ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬೆಳೆದವು. ಎಸ್ಟರ್‌ನಂಥ ಕ್ರಿಯಾಗುಂಪು ಹೊತ್ತ ಮಾನೋಮರ್‌ಗಳಿಗೂ ಮುಂದೆ ದಾರಿಯಾಯಿತು. ಅಕ್ರಾನ್ ವಿಶ್ವವಿದ್ಯಾಲಯದ ಜೋಸೆಫ್ ಕೆನಡಿ ಐಸೊಬ್ಯುಟಿಲೀನನ್ನೇ ಹೀಗೆ ಹದಕ್ಕೆ ತಂದರು. ಆ ಬಗೆಯ ಪಾಲಿಮರ್ ಟ್ಯಾಕ್ಸಸ್ ಹೃದಯ ಸ್ಟೆಂಟಿನ ಲೇಪನವಾಯಿತು.