ಹೊರಗಿನ ಊಟದಲ್ಲಿ ಪಾನವಿವೇಕ

ಆಹಾರವು ಅನ್ನ, ಪಾನ, ಖಾದ್ಯ, ಲೇಹ್ಯ ಎಂದು ನಾಲ್ಕು ಬಗೆಯಾಗಿದೆ. ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ರಾತ್ರಿಭುಕ್ತಿ ತ್ಯಾಗಿಯ ಲಕ್ಷಣವನ್ನು ಹೇಳುವಾಗ ಈ ನಾಲ್ಕನ್ನೂ ಎಣಿಸಿದ್ದಾರೆ. ಅನ್ನದ ಮರುಕ್ಷಣದಲ್ಲೇ ಪಾನದ ಹೆಸರು ಬಂದಿರುವುದನ್ನು ಶ್ರಾವಕರು ಗಮನಿಸಬೇಕು. ಹೋಟೆಲಿನ ಮೇಜಿನ ಮುಂದೆ ಕುಳಿತಾಗ ಈ ಎರಡನೆಯದೇ ಮರೆತುಹೋಗುತ್ತದೆ. ಪಲ್ಯದಲ್ಲಿ ಈರುಳ್ಳಿ ಇದೆಯೇ, ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆ ಇದೆಯೇ ಎಂದು ಎರಡೆರಡು ಬಾರಿ ವಿಚಾರಿಸುವ ಮನೆಯವರೇ, ಕುಡಿಯಲು ಏನು ಬೇಕೆಂದು ಕೇಳಿದೊಡನೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತಾರೆ. ಬಳಿಕ ಬಂದ ಲೋಟವನ್ನು ನೋಡಿ ಪೇಚಾಡುತ್ತಾರೆ.

ವ್ರತಪ್ರತಿಮೆಯನ್ನೂ ಅದಕ್ಕೆ ಮೇಲಿನ ಪ್ರತಿಮೆಗಳನ್ನೂ ಧರಿಸಿದವರು ಶೋಧಿಸಿದ ಶುದ್ಧಾಹಾರವನ್ನೇ ಸೇವಿಸುವರಾದ್ದರಿಂದ ಅವರಿಗೆ ಹೋಟೆಲಿನ ಪ್ರಶ್ನೆಯೇ ಏಳುವುದಿಲ್ಲ. ಮೂಲಗುಣಗಳನ್ನು ಪಾಲಿಸುತ್ತ, ಪರ್ವದಿನಗಳಲ್ಲಿ ಯಥಾಶಕ್ತಿ ನಿಯಮ ಹಿಡಿಯುತ್ತ, ಉದ್ಯೋಗಕ್ಕೋ ಔಷಧೋಪಚಾರಕ್ಕೋ ಊರೂರು ತಿರುಗಬೇಕಾದ ಸಾಮಾನ್ಯ ಗೃಹಸ್ಥರಿಗಾಗಿ ಈ ಪಾಠ.

ಒಂದು ಪ್ರಸಂಗ

ಹುಬ್ಬಳ್ಳಿಯ ಕಡೆಯ ಒಂದು ಕುಟುಂಬ. ಬೆಂಗಳೂರಿನಲ್ಲಿ ಹತ್ತಿರದ ಬಂಧುವೊಬ್ಬರು ಆಸ್ಪತ್ರೆಗೆ ಸೇರಿದ ವಾರ್ತೆ ರಾತ್ರಿ ಬಂದಿತು. ತಾಯಿ, ಮಗ, ಸೊಸೆ ಮೂವರೂ ನಸುಕಿನಲ್ಲೇ ಕಾರಿನಲ್ಲಿ ಹೊರಟರು. ಬುತ್ತಿ ಕಟ್ಟುವಷ್ಟು ವೇಳೆಯಿರಲಿಲ್ಲ. ತಾಯಿ ಒಂದು ಫ್ಲಾಸ್ಕಿನಲ್ಲಿ ಕುದಿಸಿದ ನೀರನ್ನು ಮಾತ್ರ ತುಂಬಿಕೊಂಡರು. ಅಂದು ಚತುರ್ದಶಿ. ಆಕೆ ಹಲವು ವರ್ಷಗಳಿಂದ ಅಷ್ಟಮಿ ಚತುರ್ದಶಿಗಳಂದು ಏಕಭುಕ್ತವನ್ನು ನಡೆಸಿಕೊಂಡು ಬಂದವರು. ಒಮ್ಮೆ ಕುಳಿತಲ್ಲೇ ಅನ್ನವೂ ನೀರೂ ಮುಗಿಯಬೇಕು. ಬಾಯಿ ಮುಕ್ಕಳಿಸಿ ಎದ್ದ ಮೇಲೆ ಮರುದಿನದ ಸೂರ್ಯೋದಯದವರೆಗೆ ಹನಿ ನೀರೂ ಇಲ್ಲ. ಇದು ಅವರು ತಮಗೆ ತಾವೇ ಹಾಕಿಕೊಂಡ ಮರ್ಯಾದೆ.

ಚಿತ್ರದುರ್ಗವನ್ನು ದಾಟಿದ ಮೇಲೆ ಹೆದ್ದಾರಿಯ ಬದಿಯ ಒಂದು ಸಸ್ಯಾಹಾರಿ ಹೋಟೆಲಿಗೆ ಹೋದರು. ಚೈತ್ರದ ಬಿಸಿಲು. ಸೊಸೆ ಫ್ಲಾಸ್ಕನ್ನು ಎತ್ತಿಕೊಳ್ಳಹೋದಾಗ ಮಗ, ‘ಒಳಗೆ ಬಿಸಿನೀರು ಸಿಗುತ್ತದೆ, ಅದನ್ನೇಕೆ ಹೊರಬೇಕು?’ ಎಂದು ತಡೆದನು. ಊಟದ ಜೊತೆಯಲ್ಲೇ ತಾಯಿಗೆ ಒಂದು ಲೋಟ ಬಿಸಿನೀರು, ಹಸಿಶುಂಠಿ ಹಾಕದ ಮಜ್ಜಿಗೆ, ತನಗೂ ಹೆಂಡತಿಗೂ ಮಂಜುಗಡ್ಡೆ ಇಲ್ಲದ ನಿಂಬೆಹಣ್ಣಿನ ಶರಬತ್ತು ಬೇಕೆಂದು ಮಾಣಿಗೆ ಹೇಳಿದನು. ಊಟ ಬಂದಿತು, ಪಾನೀಯಗಳು ಬರಲಿಲ್ಲ. ಅರ್ಧ ಊಟವಾದ ಮೇಲೆ ಶರಬತ್ತು ಬಂದಿತು, ಮೇಲೆ ಮಂಜುಗಡ್ಡೆ ತೇಲುತ್ತಿತ್ತು. ಮಜ್ಜಿಗೆ ಬಂದಿತು, ಅದರಲ್ಲಿ ಶುಂಠಿಯ ಚೂರುಗಳಿದ್ದವು. ಬಿಸಿನೀರಿನ ಸುಳಿವೇ ಇಲ್ಲ.

ಮಗ ಸಿಟ್ಟಾದನು. ಮಾಣಿಯನ್ನು ಕರೆದು ಗದರಿಸಿದನು; ಗಲ್ಲೆಯ ಮೇಲೆ ಕುಳಿತವರನ್ನೂ ಕೂಗಿದನು. ಸೊಸೆ ಮೆಲ್ಲನೆ, ‘ನಾನು ಕಾರಿನಿಂದ ಫ್ಲಾಸ್ಕ್ ತರುತ್ತೇನೆ’ ಎಂದಳು. ಕಾರು ನಿಂತಿದ್ದುದು ಐವತ್ತು ಹೆಜ್ಜೆಯ ದೂರದಲ್ಲಿ. ‘ಬೇಡ. ಹಣ ಕೊಡುತ್ತೇವೆ, ಸ್ಪಷ್ಟವಾಗಿ ಹೇಳಿದ್ದೇವೆ. ಇವರೇ ತರಲಿ’ ಎಂದು ಆತನು ಹಟ ಹಿಡಿದನು. ವಾದ ನಡೆಯುತ್ತಿದ್ದಂತೆಯೇ ತಾಯಿ ಕೊನೆಯ ತುತ್ತನ್ನು ಮುಗಿಸಿದರು. ಸ್ವಲ್ಪ ಹೊತ್ತು ಕಾದರು. ಇನ್ನೊಬ್ಬ ಹುಡುಗ ಬಂದು ತಟ್ಟೆಯನ್ನು ಎತ್ತಿಕೊಂಡು ಹೋದನು. ಸುತ್ತಲಿನವರೆಲ್ಲ ತಿರುಗಿ ನೋಡುತ್ತಿದ್ದರು. ತಾಯಿ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ಅಷ್ಟರಲ್ಲಿ ಮಾಣಿ ಓಡುತ್ತ ಬಂದು ಹಬೆಯಾಡುವ ಲೋಟವನ್ನು ಅವರ ಮುಂದೆ ಇಟ್ಟನು.

‘ಆಯಿತು ಮಗು, ನನ್ನ ಊಟ ಮುಗಿಯಿತು’ ಎಂದು ಆಕೆ ನಕ್ಕರು. ಮಗ ಮತ್ತೆ ಬಾಯಿ ತೆರೆಯುವಷ್ಟರಲ್ಲಿ, ‘ಆ ಹುಡುಗನಿಗೆ ಏನೂ ಅನ್ನಬೇಡ ತಮ್ಮಾ. ನೀರು ನಮ್ಮ ಕಾರಿನಲ್ಲೇ ಇತ್ತಲ್ಲ’ ಎಂದರು. ಮಗನು ತಲೆ ತಗ್ಗಿಸಿದನು. ಕುಡಿಯದ ಪಾನೀಯಗಳ ಹಣವನ್ನೂ ಸೇರಿಸಿ ಕೊಟ್ಟು ಹೊರಗೆ ಬಂದರು. ಅಂದಿನ ಮಧ್ಯಾಹ್ನವನ್ನೂ ಆಸ್ಪತ್ರೆಯ ಜಗಲಿಯ ಮೇಲಿನ ರಾತ್ರಿಯನ್ನೂ ಆಕೆ ನೀರಿಲ್ಲದೆಯೇ ಕಳೆದರು.

ಕಾರಣ ವಿಚಾರ

ಮೇಲ್ನೋಟಕ್ಕೆ ತಪ್ಪು ಮಾಣಿಯದು. ಹೋಟೆಲಿನ ಕೆಲಸದ ಕ್ರಮವನ್ನು ತಿಳಿದರೆ ಆ ತಪ್ಪು ಎಷ್ಟು ಸಹಜವೆಂಬುದು ಕಾಣುತ್ತದೆ. ಊಟ ಅಡುಗೆಮನೆಯಿಂದ ಬರುತ್ತದೆ; ಹಣ್ಣಿನ ರಸ, ಶರಬತ್ತುಗಳು ಹಲವೆಡೆ ಬೇರೆ ಕಟ್ಟೆಯಿಂದ ಬರುತ್ತವೆ; ಕಾಫಿ ಚಹಗಳ ಜಾಗ ಇನ್ನೊಂದು. ಮಾಣಿ ಹೇಳಿದ ಮಾತು ಚೀಟಿಯಲ್ಲಿ ಒಂದೇ ಪದವಾಗಿ ಇಳಿಯುತ್ತದೆ. ‘ಮಂಜುಗಡ್ಡೆ ಬೇಡ’ ಎಂಬುದು ದಾರಿಯಲ್ಲೇ ಉಳಿದುಬಿಡುತ್ತದೆ. ಅಲ್ಲದೆ, ಪಾನೀಯವನ್ನು ಊಟದ ಕೊನೆಗೆ ಕೊಡುವುದೇ ಅನೇಕ ಕಡೆ ರೂಢಿ. ‘ಜೊತೆಯಲ್ಲೇ’ ಎಂಬ ಮಾತಿನ ಹಿಂದೆ ಒಂದು ವ್ರತವಿದೆಯೆಂದು ಆತನಿಗೆ ಹೇಗೆ ತಿಳಿಯಬೇಕು?

ಮಜ್ಜಿಗೆಯ ವಿಷಯವೂ ಹೀಗೆಯೇ. ಶುಂಠಿ, ಹಸಿಮೆಣಸು, ಕರಿಬೇವು, ಇಂಗು ಹಾಕಿ ದೊಡ್ಡ ಪಾತ್ರೆಯಲ್ಲಿ ಮೊದಲೇ ಕಲಸಿಟ್ಟ ಮಜ್ಜಿಗೆಯಿಂದ ಶುಂಠಿಯನ್ನು ಬೇರ್ಪಡಿಸುವುದು ಯಾರಿಂದ ಸಾಧ್ಯ? ಕುದಿಸಿಟ್ಟ ಮಸಾಲೆ ಚಹಕ್ಕೂ ಇದೇ ನ್ಯಾಯ. ಕಬ್ಬಿನ ಹಾಲಿನ ಅಂಗಡಿಯಲ್ಲಿ ಕಬ್ಬಿನ ನಡುವೆ ನಿಂಬೆ ಶುಂಠಿಗಳನ್ನು ಇಟ್ಟೇ ಗಾಣಕ್ಕೆ ಕೊಡುತ್ತಾರೆ; ಹೇಳುವುದಿದ್ದರೆ ಗಾಣ ತಿರುಗುವ ಮುಂಚೆ ಹೇಳಬೇಕು.

ಆದುದರಿಂದ ಆ ಪ್ರಸಂಗದಲ್ಲಿ ಮೊದಲ ತಪ್ಪು ಫ್ಲಾಸ್ಕನ್ನು ಕಾರಿನಲ್ಲೇ ಬಿಟ್ಟ ಪ್ರಮಾದ. ಎರಡನೆಯದು, ಪ್ರಮಾದ ತಿಳಿದ ಮೇಲೂ ಸರಿಪಡಿಸಗೊಡದ ಕ್ರೋಧ ಮತ್ತು ಮಾನ. ತಾಯಿಯ ಬಾಯಾರಿಕೆಗಾಗಿ ಎದ್ದ ಸಿಟ್ಟೇ ತಾಯಿಗೆ ನೀರು ದೊರೆಯದಂತೆ ಮಾಡಿತು. ಪ್ರಮತ್ತಯೋಗದಿಂದ ಪ್ರಾಣಗಳಿಗೆ ಉಂಟಾಗುವ ಬಾಧೆಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಮಂಜುಗಡ್ಡೆಯ ಜಲಕಾಯ ಜೀವಗಳನ್ನು ನೆನೆದವನು ಎದುರಿಗೆ ನಿಂತ ಪಂಚೇಂದ್ರಿಯ ಜೀವಿಯಾದ ಆ ಹುಡುಗನನ್ನು ಮರೆತರೆ ಅಹಿಂಸೆಯ ಲೆಕ್ಕ ತಲೆಕೆಳಗಾಯಿತು.

ಲೋಟದಲ್ಲಿ ನೋಡಬೇಕಾದುವು

1. ನೀರು. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಲವಂಗಾದಿಗಳಿಂದ ಪ್ರಾಸುಕ ಮಾಡಿದುದಕ್ಕೆ ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದುದಕ್ಕೆ ಅಹೋರಾತ್ರ, ಅಂದರೆ 24 ಗಂಟೆ ಎಂಬುದು ಪರಂಪರೆಯ ಮರ್ಯಾದೆ. ನಸುಕಿನಲ್ಲಿ ಮನೆಯಲ್ಲಿ ಕುದಿಸಿ ತುಂಬಿಕೊಂಡ ನೀರು ಮರುದಿನದ ನಸುಕಿನವರೆಗೆ ನಡೆಯುತ್ತದೆ. ಪ್ರಯಾಣಿಕನಿಗೆ ಇದಕ್ಕಿಂತ ಸುಲಭವಾದ ಉಪಾಯ ಬೇರೆ ಇಲ್ಲ. ಹೋಟೆಲಿನಲ್ಲಿ ಬಿಸಿನೀರು ಕೇಳಿದರೆ ಕುಡಿಯಲು ಹದವಾಗಲೆಂದು ತಣ್ಣೀರು ಬೆರೆಸಿ ಕೊಡುವುದುಂಟು. ‘ಕುದಿಸಿದ ನೀರು, ತಣ್ಣೀರು ಬೆರೆಸದೆ’ ಎಂದು ಬಿಡಿಸಿ ಹೇಳಬೇಕು. ಯಂತ್ರದಿಂದ ಶುದ್ಧವಾದ ಬಾಟಲಿಯ ನೀರು ಆರೋಗ್ಯಕ್ಕೆ ಹಿತವಾಗಿರಬಹುದು. ಮೇಲಿನ ಕಾಲಮರ್ಯಾದೆಯೊಳಗೆ ಅದು ಬರುವುದಿಲ್ಲ.

2. ಮಂಜುಗಡ್ಡೆ. ಸೋಸಿದ ಕಾಲವೂ ತಿಳಿಯದ, ಕುದಿಸದ ನೀರು ಹೆಪ್ಪುಗಟ್ಟಿದುದು ಇದು. ಅಭಕ್ಷ್ಯಗಳ ಪಟ್ಟಿಯಲ್ಲಿ ಆಲಿಕಲ್ಲಿನ ಹೆಸರಿರುವುದನ್ನು ನೆನೆಯಬೇಕು. ಲೋಟಕ್ಕೆ ಬಿದ್ದುದನ್ನು ಚಮಚದಿಂದ ಎತ್ತಿ ಹೊರಗಿಟ್ಟರೆ ದೋಷ ತೀರಲಿಲ್ಲ. ಅಷ್ಟರಲ್ಲಿ ಅದು ಕರಗತೊಡಗಿರುತ್ತದೆ.

3. ಹಸಿಶುಂಠಿ. ಅಲ್ಪಫಲ, ಬಹುವಿಘಾತ ಎಂಬ ಕಾರಣದಿಂದ ಮೂಲಂಗಿ, ಹಸಿಶುಂಠಿಗಳನ್ನು ಸಮಂತಭದ್ರರು ತ್ಯಾಜ್ಯವೆಂದಿದ್ದಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯೂ ಶುಂಠಿಯನ್ನು ಅನಂತಕಾಯಗಳ ಜೊತೆಯಲ್ಲಿ ಹೆಸರಿಸುತ್ತದೆ. ಈರುಳ್ಳಿ ಆಲೂಗಡ್ಡೆಗಳ ಬಗ್ಗೆ ಎಚ್ಚರವಾಗಿರುವ ಮನೆಗಳಲ್ಲಿಯೂ ಅದು ಚಹದ ಮೂಲಕ ಗುಟ್ಟಾಗಿ ಒಳಗೆ ಬರುತ್ತದೆ. ಒಣಗಿದ ಶುಂಠಿಗೆ ಈ ದೋಷವಿಲ್ಲ.

4. ಜೇನು. ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲೇ ಸೇರಿದೆ. ನಿಂಬೆಯ ಬಿಸಿಪಾನಕಕ್ಕೂ ಹಣ್ಣಿನ ರಸಕ್ಕೂ ಸಕ್ಕರೆಯ ಬದಲು ಜೇನು ಹಾಕುವುದು ಈಗ ಹೆಚ್ಚಿದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ಮೋಸಹೋಗಬಾರದು; ಜೇನಿನ ಸೀಸೆಯ ಮೇಲೆಯೂ ಅದೇ ಹಸಿರು ಚುಕ್ಕೆ ಇರುತ್ತದೆ. ಮದ್ಯವನ್ನೂ ಮಾರುವ ಸ್ಥಳಗಳಲ್ಲಿ ‘ಮಾಕ್‌ಟೇಲ್’ ಎಂಬ ಮದ್ಯರಹಿತ ಪಾನೀಯವು ಮದ್ಯ ಕಲಸುವ ಕಟ್ಟೆಯಲ್ಲೇ, ಅದೇ ಪಾತ್ರೆಗಳಲ್ಲೇ ತಯಾರಾಗುವ ಸಂಭವವುಂಟು. ಅಲ್ಲಿ ಏನನ್ನೂ ಕುಡಿಯದಿರುವುದೇ ಲೇಸು.

5. ದ್ವಿದಳ. ಕಾಯಿಸದ ಹಾಲು, ಅದರಿಂದಾದ ಮೊಸರು ಮಜ್ಜಿಗೆಗಳು ಬೇಳೆಕಾಳುಗಳೊಡನೆ ಸೇರಬಾರದೆಂದು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವಿಧಿಸಿದ್ದಾರೆ. ತೊವ್ವೆ, ಹುಳಿಗಳ ಊಟದ ನಡುವೆ ಮಜ್ಜಿಗೆ ಕುಡಿಯುವವರು ಇದನ್ನು ಮರೆಯಬಾರದು. ಹೋಟೆಲಿನ ಮೊಸರು ಯಾವ ಹಾಲಿನದೆಂದು ಕೇಳಿ ತಿಳಿಯುವುದು ಕಷ್ಟ. ಬೇಳೆ ಇರುವ ಊಟದಲ್ಲಿ ಅದನ್ನು ಬಿಟ್ಟರೆ ಪ್ರಶ್ನೆಯೇ ಉಳಿಯುವುದಿಲ್ಲ.

6. ಕಾಲ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವುದು ಉತ್ತಮ ಪಕ್ಷ. ಆರು ಗಂಟೆಗೆ ಸೂರ್ಯ ಮುಳುಗುವ ದಿನಗಳಲ್ಲಿ 5 ಗಂಟೆ 12 ನಿಮಿಷಕ್ಕೆ ಲೋಟವೂ ಬರಿದಾಗಿರಬೇಕು. ಐದು ಗಂಟೆಗೆ ಹೇಳಿದ ಕಾಫಿ ಐದೂಕಾಲಿಗೆ ಬಂದರೆ ಅದು ಮಾಣಿಯ ಸೋಮಾರಿತನವಲ್ಲ, ಹೇಳಿದವನ ಲೆಕ್ಕದ ತಪ್ಪು.

ಸಾಮಾನ್ಯ ಗೃಹಸ್ಥನಿಗೆ ಇವೆಲ್ಲದರ ನಡುವೆ ಸುಲಭವಾಗಿ ದೊರೆಯುವುದು ಎಳನೀರು. ಅದಕ್ಕೆ ನೀರು ಬೆರೆಸುವುದಿಲ್ಲ, ಶುಂಠಿ ಜೇನುಗಳ ಶಂಕೆಯಿಲ್ಲ, ಕಣ್ಣೆದುರಿಗೇ ಕೆತ್ತಿ ಕೊಡುತ್ತಾರೆ. ಸಚಿತ್ತತ್ಯಾಗ ಮಾಡಿದವರಿಗೆ ಮಾತ್ರ ಅದು ಬೇರೆ ವಿಚಾರ.

ಕೇಳುವ ಕ್ರಮ

ಕುಳಿತೊಡನೆ, ಊಟದ ಮಾತಿಗಿಂತ ಮೊದಲೇ, ಪಾನೀಯದ ಮಾತನ್ನು ಆಡಬೇಕು. ಬೇಡವಾದುದರ ಪಟ್ಟಿಯನ್ನು ಉದ್ದವಾಗಿ ಹೇಳುವುದಕ್ಕಿಂತ ಬೇಕಾದುದನ್ನು ಹೇಳುವುದು ಲೇಸು. ‘ನಿಂಬೆರಸ, ಸಕ್ಕರೆ, ಕುದಿಸಿದ ನೀರು, ಇಷ್ಟೇ’ ಎಂದರೆ ಮರೆಯಲು ಏನೂ ಉಳಿಯುವುದಿಲ್ಲ. ಏಕಭುಕ್ತದವರಿದ್ದರೆ ‘ಇವರಿಗೆ ವ್ರತವಿದೆ, ನೀರು ಬಂದ ಮೇಲೆಯೇ ಊಟ ಬಡಿಸಪ್ಪಾ’ ಎಂದು ಮೃದುವಾಗಿ ತಿಳಿಸಬೇಕು. ವ್ರತವೆಂದರೆ ಈ ನಾಡಿನಲ್ಲಿ ಯಾವ ಮತದವನಿಗೂ ಅರ್ಥವಾಗುತ್ತದೆ, ಗೌರವವೂ ಹುಟ್ಟುತ್ತದೆ. ಲೋಟ ಮುಂದೆ ಬಂದ ಮೇಲೆ ಮೊದಲ ತುತ್ತು. ಬಂದುದು ತಪ್ಪಾಗಿದ್ದರೆ ಒಮ್ಮೆ ಹೇಳಬೇಕು. ಎರಡನೆಯ ಸಲವೂ ತಪ್ಪಿದರೆ ಬಿಟ್ಟುಬಿಡಬೇಕು, ಬಿಟ್ಟುದಕ್ಕೆ ಮನಸ್ಸಿನಲ್ಲಿ ಬೆಲೆ ಕಟ್ಟಬಾರದು.

ಭೋಗೋಪಭೋಗ ಪರಿಮಾಣ ವ್ರತಕ್ಕೆ ಸಮಂತಭದ್ರರು ಹೇಳಿದ ಐದು ಅತಿಚಾರಗಳಲ್ಲಿ ಅನುಸ್ಮೃತಿ, ಅತಿತೃಷೆ ಎಂಬ ಎರಡು ಇಲ್ಲಿ ಸ್ಮರಣೀಯ. ಭೋಗಿಸಿದುದನ್ನು ಮತ್ತೆ ಮತ್ತೆ ನೆನೆಯುವುದು ಅನುಸ್ಮೃತಿ. ಮುಂದೆ ದೊರೆಯಲೆಂದು ಹಂಬಲಿಸುವುದು ಅತಿತೃಷೆ. ಸಿಗದೆ ಹೋದ ಲೋಟವನ್ನು ದಾರಿಯುದ್ದಕ್ಕೂ ನೆನೆದು ಕುದಿಯುವುದೂ ಇವುಗಳ ಬಳಗಕ್ಕೇ ಸೇರಿದುದು. ಗಂಟಲಿನ ತೃಷೆ ಮರುದಿನ ಬೆಳಗಿನ ನೀರಿನಿಂದ ಆರುತ್ತದೆ, ಇದು ಆರುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ವೃದ್ಧರು, ಗರ್ಭಿಣಿಯರು, ಮೂತ್ರಪಿಂಡದ ಬೇನೆಯವರು, ನಿತ್ಯ ಔಷಧ ಸೇವಿಸುವವರು ಬೇಸಿಗೆಯ ಪ್ರಯಾಣದಲ್ಲಿ ನೀರಿಲ್ಲದೆ ಇರುವುದು ಅಪಾಯಕರ. ಅಂಥವರು ನಿಯಮ ಹಿಡಿಯುವಾಗಲೇ ಸೂರ್ಯಾಸ್ತದವರೆಗೆ ಪ್ರಾಸುಕ ಜಲಕ್ಕೆ ಅವಕಾಶವಿಟ್ಟುಕೊಳ್ಳಬೇಕು. ಹಿಡಿದು ಮುರಿಯುವುದಕ್ಕಿಂತ ಅಳೆದು ಹಿಡಿಯುವುದು ಮೇಲು. ಮನೆಯ ಕಿರಿಯರು ಈ ಮಾತನ್ನು ಹಿರಿಯರಿಗೆ ಪರ್ವದ ಹಿಂದಿನ ದಿನವೇ ವಿನಯದಿಂದ ತಿಳಿಸಬೇಕು.

ಆ ಕುಟುಂಬದಲ್ಲಿ ಅಂದಿನಿಂದ ಒಂದು ಪದ್ಧತಿ ಬೆಳೆದಿದೆ. ಎಲ್ಲಿಗೆ ಹೊರಟರೂ ಫ್ಲಾಸ್ಕನ್ನು ಹೊರುವವನು ಮಗನೇ. ಹೋಟೆಲಿನ ಮೇಜಿನ ಮೇಲೆ ಅದನ್ನು ಇಟ್ಟು, ತಾಯಿಗೆ ಲೋಟ ತುಂಬಿ ಕೊಟ್ಟ ಬಳಿಕವೇ ಆತನು ಮಾಣಿಯನ್ನು ಕರೆಯುತ್ತಾನೆ.

ಮನನಕ್ಕೆ

1. ಕುದಿಸಿದ ನೀರಿನ ಕಾಲಮರ್ಯಾದೆ ಎಷ್ಟು? ಪ್ರಯಾಣದಲ್ಲಿ ಅದರ ಉಪಯೋಗವೇನು?
2. ಹಸಿರು ಚುಕ್ಕೆಯಿರುವ ಪಾನೀಯವೆಲ್ಲವೂ ಶ್ರಾವಕನಿಗೆ ಯೋಗ್ಯವೇ? ಕಾರಣ ಕೊಡಿರಿ.
3. ಮೇಲಿನ ಪ್ರಸಂಗದಲ್ಲಿ ತಾಯಿಗೆ ನೀರು ದೊರೆಯದಿರಲು ನಿಜವಾದ ಕಾರಣ ಯಾವುದು?
4. ನಿಮ್ಮ ಮನೆಯಲ್ಲಿ ಮುಂದಿನ ಚತುರ್ದಶಿಯಂದು ಪ್ರಯಾಣ ಒದಗಿದರೆ ಯಾವ ಸಿದ್ಧತೆ ಮಾಡುವಿರಿ?